ಸುಭದ್ರಾಬಾಯಿಯ ಅಳತೆಯ ಹಲಗೆ

ಭಾಲ್ಕಿ ತಾಲೂಕಿನ ಕಟ್ಟಕಡೆಯ ಹಳ್ಳಿಯ ಹೊರಗೆ, ಮಾಂಜ್ರಾ ನದಿಯ ದಂಡೆಯಲ್ಲಿ ಹಾವಗೆಪ್ಪ ಒಬ್ಬನೇ ಇರುತ್ತಿದ್ದ. ಹಾಲುವಾಣದ ಮರದಿಂದ ತೇಲುವ ಹಲಗೆ ಮಾಡುವುದು ಅವನ ಕಸುಬು. ಎದೆಯಡಿ ಹಲಗೆ ಇಟ್ಟು ಬೋರಲು ಮಲಗಿ, ಎರಡೂ ಕೈಯಿಂದ ನೀರನ್ನು ಹಿಂದಕ್ಕೆ ತಳ್ಳುತ್ತ ಜನ ನದಿ ದಾಟುತ್ತಿದ್ದರು.

ಒಣಗಿದ ಹಾಲುವಾಣ ಬೆಂಡಿನಷ್ಟು ಹಗುರ. ಹಾಗೇ ಬಿಟ್ಟರೆ ನೀರು ಕುಡಿಯುತ್ತದೆ, ಉಗುರು ತಾಗಿದರೂ ಗೀರು ಬೀಳುತ್ತದೆ. ಹಾವಗೆಪ್ಪ ಮೊದಲು ಬಾಚಿಯಿಂದ ಆಕಾರ ತೆಗೆದು, ಒಡೆದ ಗಾಜಿನ ಚೂರಿನಿಂದ ಹೆರೆದು ನುಣುಪು ಮಾಡುತ್ತಿದ್ದ. ಆಮೇಲೆ ಹಳೆಯ ಧೋತರದ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಅಗಸೆ ಎಣ್ಣೆಯಲ್ಲಿ ಕಾಯಿಸಿದ ರಾಳವನ್ನು ಮೂರು ಸಲ ಬಳಿಯುತ್ತಿದ್ದ. ಒಂದೊಂದು ಸಲಕ್ಕೂ ಎರಡು ದಿನದ ಬಿಸಿಲು ಬೇಕು. ಅಷ್ಟಾದ ಮೇಲೆ ಎಮ್ಮೆ ತುಳಿದರೂ ಹಲಗೆ ಮುರಿಯುತ್ತಿರಲಿಲ್ಲ.

ಒಬ್ಬರ ಹಲಗೆ ಇನ್ನೊಬ್ಬರಿಗೆ ಆಗುವುದಿಲ್ಲ. ಎದೆ ಕೂರುವಲ್ಲಿ ತುಸು ತಗ್ಗು ಬೇಕು, ತೋಳು ಇಳಿಯುವಲ್ಲಿ ಅಂಚು ಒಳಕ್ಕೆ ಸರಿಯಬೇಕು. ಗಂಡಸರನ್ನು ದಾರ ಹಿಡಿದು ಅಳೆಯುತ್ತಿದ್ದ. ಹೆಂಗಸರು ದಂಡೆಯ ಮರಳಿನ ಮೇಲೆ ಬೋರಲು ಮಲಗಿ ಎದ್ದು ಹೋಗಬೇಕು. ಅಲ್ಲಿಯವರೆಗೆ ಅವನು ಬೇವಿನ ಮರದ ಕಡೆ ಮುಖ ಮಾಡಿ ನಿಂತಿರುತ್ತಿದ್ದ. ಅವರು ದೂರ ಹೋದ ಮೇಲೆ ಬಂದು, ಮರಳಿನಲ್ಲಿ ಉಳಿದ ಗುರುತಿಗೆ ದಾರ ಹಿಡಿಯುತ್ತಿದ್ದ. ಅವನ ತಂದೆಯೂ ಹೀಗೆಯೇ ಮಾಡುತ್ತಿದ್ದ.

ಹೆಂಡತಿ ಸತ್ತಾಗ ಮಗಳು ಗುಂಡಮ್ಮನಿಗೆ ಒಂಬತ್ತು ವರ್ಷ. ಅವಳನ್ನು ಬೆಳೆಸಿ ನದಿಯಾಚೆಯ ಊರಿಗೇ ಕೊಟ್ಟ. ದಂಡೆಯ ಮೇಲೆ ನಿಂತರೆ ಆ ಊರಿನ ಹೊಗೆ ಕಾಣುತ್ತಿತ್ತು. ಮಗಳಿಗೆ ಕೂಸಾಗುವ ತನಕ ತಂದೆ ಬೀಗರ ಮನೆಯ ನೀರು ಮುಟ್ಟಬಾರದೆಂಬುದು ರೂಢಿ. ನಾಲ್ಕು ವರ್ಷ ಅವನು ಹೊಸ್ತಿಲ ಹೊರಗೇ ನಿಂತು, ಮಗಳನ್ನು ಮಾತಾಡಿಸಿ, ಹಸಿದುಕೊಂಡೇ ತಿರುಗಿ ಬಂದಿದ್ದ. ಆ ಊರಲ್ಲಿ ಸೂಲಗಿತ್ತಿ ಇರಲಿಲ್ಲ; ಮೊದಲ ಸಲ ಗುಂಡಮ್ಮನಿಗೆ ನೋವು ಬಂದಾಗ ದೋಣಿ ತಡವಾಗಿ ಈ ದಂಡೆಯ ಸೂಲಗಿತ್ತಿ ತಲುಪಲಿಲ್ಲ. ಕೂಸು ಉಳಿಯಲಿಲ್ಲ. ಈಗ ಅವಳು ಮತ್ತೆ ಬಸುರಿ. ಹೆಣ್ಣು ದಿಕ್ಕಿಲ್ಲದ ಮನೆಗೆ ಬಾಣಂತನಕ್ಕೆ ಕಳಿಸಲು ಬೀಗರು ಈಗಲೂ ಒಪ್ಪಿರಲಿಲ್ಲ.

ಅಷ್ಟರಲ್ಲಿ ಬೀದರ ಜಿಲ್ಲೆ ಒಡೆದು ಈ ದಂಡೆ ಮೈಸೂರು ರಾಜ್ಯಕ್ಕೆ, ಆ ದಂಡೆ ಮುಂಬೈ ರಾಜ್ಯಕ್ಕೆ ಹೋಯಿತು. ನದಿ ಮೊದಲಿನಷ್ಟೇ ಅಗಲವಿತ್ತು. ದೋಣಿ ನಡೆಸುವ ಗುತ್ತಿಗೆಯ ಹರಾಜು ಮಾತ್ರ ಆ ವರ್ಷ ಆಗಲಿಲ್ಲ. ಈ ಕಡೆಯ ಕಚೇರಿಯವರು ಆ ಕಡೆ ಕೇಳಿ ಅಂದರು, ಆ ಕಡೆಯವರು ಈ ಕಡೆ. ದೋಣಿ ದಂಡೆಯಲ್ಲಿ ಮಗುಚಿ ಬಿದ್ದಿತ್ತು.

ಆಷಾಢದಲ್ಲಿ ಸೂಲಗಿತ್ತಿ ಸುಭದ್ರಾಬಾಯಿ ತಾನಾಗಿಯೇ ಬಂದಳು.

"ಏ ತಮ್ಮಾ, ದೋಣಿ ಕೆಳಗ ಕೋಳಿ ತತ್ತಿ ಇಟ್ಟಾವ. ನಿನ್ನ ಮಗಳಿಗಿ ದಿನ ತುಂಬ್ಯಾವ. ಕೂತರ ಹ್ಯಾಂಗ?"

"ಹಲಗಿ ಮಾಡಿ ಕೊಡ್ತೇನಿರಿ ಅಕ್ಕಾ."

"ಹಗೂರ ಮಾಡು. ನಾ ಅಂತೂ ಹಗೂರ ಇಲ್ಲ, ಹಲಗೀನಾದ್ರೂ ಇರ್ಲಿ."

ನೋವು ಶುರುವಾದರೆ ಆಚೆ ದಂಡೆಯ ಜಾಲಿ ಮರಕ್ಕೆ ಅಳಿಯ ಕೆಂಪು ಬಟ್ಟೆ ಕಟ್ಟಬೇಕೆಂದು ಮಾತಾಗಿತ್ತು.

ಸುಭದ್ರಾಬಾಯಿ ಮರಳಿನ ಮೇಲೆ ಮಲಗಿ ಎದ್ದು ಹೋದಳು. ಹಾವಗೆಪ್ಪ ಗುರುತು ಅಳೆದು ಕೆಲಸಕ್ಕೆ ಕೂತ. ನಡುನಡುವೆ ಕಂಡ ಬಿಸಿಲಿನಲ್ಲೇ ಮೂರು ಪದರ ಒಣಗಿಸಿದ. ಇಷ್ಟು ಚೆಂದದ ಹಲಗೆಯನ್ನು ಅವನು ಹಿಂದೆ ಮಾಡಿರಲಿಲ್ಲ. ಎತ್ತಿ ಹಿಡಿದರೆ ತೂಕವೇ ತಿಳಿಯುತ್ತಿರಲಿಲ್ಲ.

ದಂಡೆಯ ನಿಂತ ನೀರಿನಲ್ಲಿ ಅದನ್ನು ಪರೀಕ್ಷೆ ಮಾಡಿದ ಸುಭದ್ರಾಬಾಯಿ ಅಲ್ಲಿಂದಲೇ ಕೂಗಿದಳು: "ಇದು ಹಲಗಿ ಅಲ್ಲೋ, ಹೊರಸು! ನಿದ್ದಿ ಮಾಡ್ಲಿಕ್ಕಿ ಛಲೋ ಅದ. ಕೈಗಿ ನೀರ ಸಿಗವಲ್ದು."

ಅಂಚು ಅವಳ ತೋಳನ್ನು ಮೇಲಕ್ಕೆ ಎತ್ತಿ ಹಿಡಿದಿತ್ತು. ಬೆರಳ ತುದಿ ಮಾತ್ರ ನೀರಿಗೆ ತಾಗುತ್ತಿತ್ತು. ಹಾವಗೆಪ್ಪನಿಗೆ ಆಗ ತಿಳಿಯಿತು. ಹೆಂಗಸರ ಅಳತೆಯನ್ನು ಅವನು ಯಾವಾಗಲೂ ಬೇಸಿಗೆಯಲ್ಲಿ, ಗಟ್ಟಿಯಾಗಿ ಕೂತ ಮರಳಿನಲ್ಲಿ ತೆಗೆಯುತ್ತಿದ್ದ. ಈ ಸಲ ಅಳತೆಯ ಹಿಂದಿನ ದಿನ ಮಳೆ ಬಿದ್ದಿತ್ತು. ನೀರು ತುಂಬಿ ರಾಡಿಯಾದ ಮರಳು ಅವಳ ಭಾರಕ್ಕೆ ಎರಡೂ ಕಡೆ ಕುಸಿದು ಗುರುತು ಅಗಲವಾಗಿತ್ತು. ನಾಲ್ಕು ಬೆರಳು ಹೆಚ್ಚು.

"ಅಕ್ಕಾ," ಅಂದ ನೆಲ ನೋಡುತ್ತ, "ನೀವು ಇದರ ಮ್ಯಾಲೇ ಮಲಗಿದ್ರ... ಗೆರಿ ಹಾಕ್ಕೋತೇನಿರಿ."

"ಅರವತ್ತರ ಮುದುಕಿಗಿ ಇಷ್ಟ್ಯಾಕ ನಾಚ್ತೀಯೋ? ನಿಮ್ಮಪ್ಪ ಬೇವಿನ ಮರ ನೋಡಿದ್ದು ಸಾಕು. ಎಳಿ ಗೆರಿ."

ಅವನು ಇದ್ದಲು ಹಿಡಿದು ಬಗ್ಗಿದ. ಎಡಗಡೆಯ ಗೆರೆ ಮುಗಿಸಿ ತಲೆ ಎತ್ತಿದಾಗ ಆಚೆ ದಂಡೆಯಲ್ಲಿ ಕೆಂಪು ಬಟ್ಟೆ ಹಾರಾಡುತ್ತಿತ್ತು.

ಬಲಗಡೆಗೂ ಗೆರೆ ಎಳೆದು, ಗಟ್ಟಿಯಾದ ಬಟ್ಟೆಯ ಸಮೇತ ಎರಡೂ ಅಂಚು ಕೊಯ್ದ. ಒಳಗಿನ ಬಿಳಿ ಮರ ಕಂಡಿತು. ಮೈಮೇಲಿನ ಧೋತರವನ್ನೇ ಹರಿದು ಅಂಚಿಗೆ ಅಂಟಿಸಿ, ಬಿಸಿ ರಾಳ ಬಳಿದ. ಬಿಸಿಲಿರಲಿಲ್ಲ. ಕುಳ್ಳಿನ ಕೆಂಡದ ಮೇಲೆ ಹಲಗೆಯನ್ನು ತಿರುಗಿಸುತ್ತ ಕೂತ. ಹತ್ತಿರ ಹಿಡಿದರೆ ರಾಳಕ್ಕೆ ಬೆಂಕಿ ಹತ್ತುತ್ತದೆ, ದೂರ ಹಿಡಿದರೆ ಒಣಗುವುದಿಲ್ಲ. ಸುಭದ್ರಾಬಾಯಿ ಎಲೆಯಡಿಕೆ ಹಾಕಿಕೊಂಡು ಕಾದಳು.

"ಒಂದೇ ಪದರ ಅದರಿ. ಹೋಗ್ಲಿಕ್ಕಿ ಸಾಕಾಗ್ತದ. ಬರ್ಲಿಕ್ಕಿ ಹೇಳ್ಲಾರೆ."

"ಬರೋದು ಆಮ್ಯಾಲ ನೋಡೋಣು," ಎಂದು ಅವಳು ತನ್ನ ಸಾಮಾನಿನ ಗಂಟನ್ನು ತಲೆಗೆ ಬಿಗಿದುಕೊಂಡು ನೀರಿಗೆ ಇಳಿದಳು.

ಕೈಗಳು ಸರಿಯಾಗಿ ನೀರಿಗೆ ಬೀಳುತ್ತಿದ್ದವು. ನಡು ನದಿಯಲ್ಲಿ ಸೆಳವು ಅವಳನ್ನು ಕೆಳಕ್ಕೆ ಒಯ್ದಿತು. ಆಮೇಲೆ ಆಚೆಯ ಜೊಂಡಿನ ನಡುವೆ ತಲೆ ಮರೆಯಾಯಿತು.

ಎರಡು ದಿನ ಹಾವಗೆಪ್ಪ ದಂಡೆ ಬಿಟ್ಟು ಹೋಗಲಿಲ್ಲ. ಒಮ್ಮೆ ರೊಟ್ಟಿ ಬಡಿದ, ತಿನ್ನಲಾಗಲಿಲ್ಲ. ಕೂಗಿದರೆ ಕೇಳಿಸದಷ್ಟು ಅಗಲ ಆ ನದಿ. ಆದರೂ ಒಮ್ಮೆ ಮಗಳ ಹೆಸರು ಹಿಡಿದು ಕೂಗಿದ. ಎದುರು ದಂಡೆಯಲ್ಲಿ ಕೊಕ್ಕರೆಗಳು ಎದ್ದು, ಮತ್ತೆ ಅಲ್ಲೇ ಕೂತವು.

ಮೂರನೆಯ ದಿನ ಬೆಳಿಗ್ಗೆ ಸುಭದ್ರಾಬಾಯಿ ಬಂದಳು. ಹಲಗೆ ಅರ್ಧ ಮುಳುಗಿತ್ತು, ನೀರು ಅವಳ ಗಲ್ಲದವರೆಗೆ ಬಂದಿತ್ತು. ಹಾವಗೆಪ್ಪ ಸೊಂಟದುದ್ದ ನೀರಿಗೆ ಹೋಗಿ ಹಲಗೆ ಹಿಡಿದುಕೊಂಡ. ಅಂಚನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದ.

"ನೀರು ಹೊಕ್ಕದೇನ್ರಿ?"

"ಹೊಕ್ಕದ."

"ಎಡಕ್ಕೋ ಬಲಕ್ಕೋ?"

"ಎಡಕ್ಕ."

"ಹೋಗುವಾಗೂ...?"

"ಹೋಗುವಾಗ ಏನೂ ಆಗ್ಲಿಲ್ಲ. ಏ ತಮ್ಮಾ, ಕೇಳೋದು ಕೇಳೋ!"

ಅವನು ಅಂಚನ್ನು ಇನ್ನೊಮ್ಮೆ ಒತ್ತಿದ. ಅಂಚಿನ ಮೇಲೆ ಹೆಬ್ಬೆರಳು ಹಾಗೇ ಇತ್ತು.

"ಹೆಣ್ಣು," ಎಂದಳು ಸುಭದ್ರಾಬಾಯಿ. "ಊರು ಎದ್ದು ಕೂಡೋ ಹಂಗ ಅತ್ತದ. ಗುಂಡಮ್ಮ ಗಂಜಿ ಕುಡದಾಳ. ಅಪ್ಪ ಬಂದು ಉಣ್ಬೇಕು ಅಂತ ಹೇಳ್ಯಾಳ."

ಅವಳು ಸೀರೆ ಹಿಂಡಿಕೊಂಡು ಊರೊಳಗೆ ಹೋದಳು. ಹಾವಗೆಪ್ಪ ದಾಟಲು ಹೊರಡುವ ಮೊದಲೇ, ಮಧ್ಯಾಹ್ನಕ್ಕೆ, ಮೇಲಿನ ಮಳೆಯ ಕೆಂಪು ನೀರು ಬಂತು. ಸಂಜೆಯಷ್ಟರಲ್ಲಿ ನದಿ ಜೊಂಡನ್ನೂ ಮುಚ್ಚಿತು. ಇನ್ನು ಅದು ಇಳಿಯಲು ಎಷ್ಟು ದಿನವೋ.

ಹಾವಗೆಪ್ಪ ಮುಖ ತೊಳೆದು, ಒಗೆದ ಅಂಗಿ ತೊಟ್ಟು, ಭಾಲ್ಕಿ ರಸ್ತೆಯವರೆಗೆ ನಡೆದ. ಅಲ್ಲಿ ಪರ ಊರಿನವನೊಬ್ಬ ಗಂಟಿನ ಮೇಲೆ ಕೂತು ಬಸ್ಸು ಕಾಯುತ್ತಿದ್ದ.

"ನಾ ಅಜ್ಜ ಆದ್ನಿರಿ," ಎಂದ ಹಾವಗೆಪ್ಪ.

"ಹೌದೇನ್ರಿ? ಛಲೋ ಆತ್ರಿ. ಯಾವ ಊರಾಗ?"

ಹಾವಗೆಪ್ಪ ನದಿಯ ಕಡೆ ಕೈ ಎತ್ತಿದ. ಹೆಸರು ಹೇಳುವಷ್ಟರಲ್ಲಿ ಬಸ್ಸು ಬಂತು. ಆತ ಗಂಟು ಎತ್ತಿಕೊಂಡು ಹತ್ತಿದ. ಬಸ್ಸಿನ ಸದ್ದು ದೂರವಾಯಿತು. ಇನ್ನೊಬ್ಬರಿಗೆ ಹೇಳಬಹುದೆಂದು ಹಾವಗೆಪ್ಪ ಮುಂದಿನ ಬಸ್ಸು ಬರುವವರೆಗೆ ಅಲ್ಲೇ ನಿಂತಿದ್ದ.