ಎರಡನೇ ಭಾಗವನ್ನು ಉಜ್ಜಿ ಅಳಿಸಿದ್ದು

ಇಲ್ಲಿ ಬರುವ ವಾಕ್ಯಗಳಲ್ಲಿ ಕೆಲವನ್ನು ನಾನೇ ಕೈಯಾರೆ ಅಳಿಸಿದ್ದೇನೆ. ಅಳಿಸಿದ್ದನ್ನು ನೆನಪಿನಿಂದ ತಿರುಗಿ ಬರೆಯುವವನ ಮಾತನ್ನು ಎಷ್ಟು ನಂಬಬೇಕು ಎನ್ನುವುದು ನಿಮಗೆ ಬಿಟ್ಟದ್ದು. ನಾನಾದರೆ ಅರ್ಧ ನಂಬುತ್ತಿದ್ದೆ.

ಕಡಬದ ಆಸುಪಾಸಿನ ಒಂದು ಊರು. ಹಾಲಿನ ಸೊಸೈಟಿಯ ಮಾಳಿಗೆಯಲ್ಲಿ ಮಹಿಳಾ ಮಂಡಲದ ಗ್ರಂಥಾಲಯ: ಒಂದೂವರೆ ಕೋಣೆ, ಆರು ಕಪಾಟು, ಕಿಟಕಿಗೆ ತಾಗಿ ಒಂದು ಮೇಜು. ಬೆಳಿಗ್ಗೆ ಹಾಲು ಹಾಕಲು ಬಂದ ಹೆಂಗಸರು ಕ್ಯಾನನ್ನು ಮೆಟ್ಟಿಲ ಬುಡದಲ್ಲಿ ಇಟ್ಟು, ಮೇಲೆ ಹೋಗಿ, ಓದಿದ್ದನ್ನು ಕೊಟ್ಟು ಓದದ್ದನ್ನು ತೆಗೆದುಕೊಂಡು ಹೋಗುತ್ತಾರೆ. ಹೆಚ್ಚಿನವು ಪ್ರೇಮ ಕಾದಂಬರಿಗಳು. ಮೇಜಿನ ಹಿಂದೆ ಕೂರುವವರನ್ನು ಎಲ್ಲರೂ ಲೈಬ್ರರಿ ಅಕ್ಕ ಎನ್ನುತ್ತಾರೆ. ಐವತ್ತೈದು ದಾಟಿದವರು, ಮದುವೆಯಾಗದವರು, ತಾವೇ ಕಟ್ಟಿಸಿದ ಮನೆಯಲ್ಲಿ ಒಬ್ಬರೇ ಇರುವವರು. ಅವರ ತಲೆಯ ಮೇಲೆ ಗೋಡೆಯಲ್ಲಿ ಅವರದೇ ದುಂಡು ಅಕ್ಷರದ ಫಲಕ: ‘ಪುಸ್ತಕದಲ್ಲಿ ಏನನ್ನೂ ಬರೆಯಬಾರದು.’

ಬರೆಯದವರಿಲ್ಲ. ಅಲ್ಲಿಯ ಪುಸ್ತಕಗಳಲ್ಲಿ ಲೇಖಕರಿಗೆ ಸೇರಿದ್ದು ನಡುವಿನ ಜಾಗ ಮಾತ್ರ, ಅಂಚು ಓದುಗರದ್ದು. ಮಂಡಲದ ಸಭೆಯಲ್ಲಿ ಬಾಯಿ ಬಿಡದವರು ಅಂಚಿನಲ್ಲಿ ಪೆನ್ಸಿಲಿನಿಂದ ತೀರ್ಪು ಕೊಡುತ್ತಾರೆ, ಮುಂದೆ ಓದಿದವರು ಅದರ ಕೆಳಗೆ ಮೇಲ್ಮನವಿ ಸಲ್ಲಿಸುತ್ತಾರೆ. ‘ಮುಂದಿನ ಪುಟ ಅಳು ಬರ್ತದೆ, ಅನ್ನಕ್ಕೆ ಇಟ್ಟು ಓದಬೇಡಿ’ ಎಂಬ ಎಚ್ಚರಿಕೆಯನ್ನೂ ನೋಡಿದ್ದೇನೆ. ನಾನು ದಿನವೂ ಪೇಪರ್ ಓದಲು ಅಲ್ಲಿಗೆ ಹೋಗುವವನು. ಕಥೆಯೇ ಇಲ್ಲದ ನನ್ನದೊಂದು ಕಾದಂಬರಿಯೂ ಅಲ್ಲಿದೆ. ಅದರ ಅಂಚುಗಳು ಬಿಳಿ.

ಈ ಊರಿಂದ ಪುತ್ತೂರು, ಸುಳ್ಯದವರೆಗೆ ಹೆಂಗಸರು ಹಂಚಿಕೊಂಡು ಓದಿದ ಒಂದು ಕಾದಂಬರಿ ಇತ್ತು. ಅದು ಬಂದು ಮೂವತ್ತು ವರ್ಷದ ಮೇಲಾಯಿತು. ನಾಯಕಿ ಶಾಲೆಯ ಟೀಚರ್. ಐದು ವರ್ಷ ಅವಳನ್ನು ಕಾಯಿಸಿದ ನಾಯಕ ಕೊನೆಯ ಪುಟದಲ್ಲಿ ಬಾಳೆನಾರಿನಲ್ಲಿ ಕಟ್ಟಿದ ಒಂದು ಅಟ್ಟೆ ಮಲ್ಲಿಗೆ ಹಿಡಿದು ಬಾಗಿಲಿಗೆ ಬರುತ್ತಾನೆ. ಅವಳು ಮಲ್ಲಿಗೆ ತೆಗೆದುಕೊಳ್ಳುತ್ತಾಳೆ, ಬಾಗಿಲು ಹಾಕುತ್ತಾಳೆ. ಮುಗಿಯಿತು. ಮದುವೆ ಮನೆಗಳಲ್ಲಿ ಈ ಬಾಗಿಲಿನ ವಿಷಯಕ್ಕೆ ಹೆಂಗಸರು ಎರಡು ಪಕ್ಷವಾಗಿ ಜಗಳ ಆಡಿದ್ದಾರೆ. ಲೈಬ್ರರಿ ಅಕ್ಕ ಆಗ ಇಪ್ಪತ್ತೈದರ ಹುಡುಗಿ. ಇಚಿಲಂಪಾಡಿ ಕಡೆಯ ಒಂದು ಸಂಬಂಧ ಎರಡು ವರ್ಷ ‘ನೋಡುವ, ನೋಡುವ’ ಎಂದು ಎಳೆದು ಕೊನೆಗೆ ಒಪ್ಪಿ ಬಂದಾಗ ಅವರು ಬೇಡ ಎಂದರಂತೆ. ಆ ಬಾಗಿಲಿಗೂ ಈ ‘ಬೇಡ’ಕ್ಕೂ ನಂಟು ಇದೆ ಎಂದು ಆಗ ಯಾರಿಗೂ ಹೊಳೆದಿರಲಿಲ್ಲ. ಆ ವರ್ಷದಿಂದಲೇ ಅವರು ಕಾದಂಬರಿಗಾರ್ತಿಗೆ ಕಾಗದ ಬರೆಯತೊಡಗಿದ್ದು. ಅಲ್ಲಿಂದ ಕಾರ್ಡಿನಲ್ಲಿ ಉತ್ತರ ಬರುತ್ತಿತ್ತು. ಮೂವತ್ತು ವರ್ಷದ ಕಾರ್ಡುಗಳು ಮೇಜಿನ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಕೂತಿದ್ದವು.

ಮೊನ್ನೆ ಮೊನ್ನೆ ಅದರ ಎರಡನೇ ಭಾಗ ಬಂತು.

ನಾಯಕ ಈಗ ನಿವೃತ್ತ ಬ್ಯಾಂಕ್ ಮ್ಯಾನೇಜರ್. ಶುಗರ್, ಮೊಣಕಾಲು ನೋವು, ಪ್ರತಿ ಅಧ್ಯಾಯದಲ್ಲಿ ಒಂದು ಉಪದೇಶ. ಕೊನೆಗೆ ನಾಯಕಿಯೇ ಅವನ ಮನೆ ಹುಡುಕಿಕೊಂಡು ಹೋಗುತ್ತಾಳೆ, ಆವತ್ತು ತಪ್ಪು ಮಾಡಿದೆ ಎಂದು ಕ್ಷಮೆ ಕೇಳುತ್ತಾಳೆ, ಅಡುಗೆಮನೆಗೆ ನಡೆದು ಅವನಿಗೆ ಸಕ್ಕರೆ ಹಾಕದ ಕಾಫಿ ಮಾಡುತ್ತಾಳೆ. ಇಷ್ಟಕ್ಕೆ ಇನ್ನೂರ ಹದಿನಾಲ್ಕು ಪುಟ.

ಪುಸ್ತಕ ಎರಡು ತಿಂಗಳಲ್ಲಿ ಊರೆಲ್ಲ ಸುತ್ತಿ ಬಂತು. ಬಂದಾಗ ಅಂಚುಗಳಲ್ಲಿ ಜಾಗ ಉಳಿದಿರಲಿಲ್ಲ.

ಒಂದು ಬೆಳಿಗ್ಗೆ ನಾನು ಪೇಪರ್ ಬಿಡಿಸುವಷ್ಟರಲ್ಲಿ ಲೈಬ್ರರಿ ಅಕ್ಕ ಆ ಪುಸ್ತಕವನ್ನೂ ಹೊಸ ರಬ್ಬರ್ ಒಂದನ್ನೂ ನನ್ನ ಮುಂದೆ ಇಟ್ಟರು.

“ಇದನ್ನು ಬರೆದವರು ಬರ್ತಾರೆ. ಪುತ್ತೂರಲ್ಲಿ ಕಾರ್ಯಕ್ರಮ ಉಂಟಂತೆ, ಮುಗಿಸಿ ಇಲ್ಲಿಗೆ ಬರ್ತಾರಂತೆ. ನಾಡಿದ್ದು.”

“ಒಳ್ಳೇದಾಯ್ತಲ್ಲ.”

“ಎಂತ ಒಳ್ಳೇದು ಮಾರಾಯ್ರೆ! ಎರಡೂ ಭಾಗಕ್ಕೆ ಸಹಿ ಹಾಕಿ ಕೊಡ್ತೇನೆ, ತೆಗೆದಿಟ್ಟಿರು ಅಂತ ಫೋನಲ್ಲಿ ಹೇಳಿದ್ದಾರೆ. ಇದನ್ನು ಹೇಗೆ ಅವರ ಕೈಗೆ ಕೊಡುದು? ಒಳಗೆ ನೋಡಿದ್ರೆ ಮೆಟ್ಟಿಲು ಇಳಿಲಿಕ್ಕೂ ಆಗ್ಲಿಕ್ಕಿಲ್ಲ ಅವರಿಗೆ. ಎಪ್ಪತ್ತೆಂಟು ಪ್ರಾಯ.”

“ಹೊಸ ಪ್ರತಿ ತರಿಸಿ.”

“ಪುತ್ತೂರಲ್ಲೂ ಇಲ್ಲ, ಸುಳ್ಯದಲ್ಲೂ ಇಲ್ಲ. ಕೇಳಿ ಆಯ್ತು. ನೀವು ಹೇಗೂ ಸುಮ್ಮನೆ ಕೂತದ್ದಲ್ವಾ, ಉಜ್ಜಿ.”

“ನಾನೂ ಬರೆಯುವವನೇ ಅಕ್ಕ. ಓದುಗರ ಮಾತನ್ನು ಅಳಿಸುವುದು...”

“ನಿಮ್ಮ ಪುಸ್ತಕದಲ್ಲಿ ಅಳಿಸ್ಲಿಕ್ಕೆ ಏನೂ ಇಲ್ಲ. ನೋಡಿದ್ದೇನೆ. ಎಷ್ಟು ಕ್ಲೀನ್ ಉಂಟು.”

ಉಜ್ಜಲು ಕೂತೆ. ಮೊದಲು ಕರ್ತವ್ಯದಿಂದ, ಆಮೇಲೆ ಹೊಟ್ಟೆಕಿಚ್ಚಿನಿಂದ. ‘ಇವನಿಗೆ ಶುಗರ್ ಉಂಟು ಅಂತ ಎಷ್ಟು ಸಲ ಹೇಳುದು, ನಮ್ಮಲ್ಲಿ ಎಲ್ಲರಿಗೂ ಉಂಟು.’ ಉಜ್ಜಿದೆ. ‘ಮೊದಲ ಭಾಗದಲ್ಲಿ ಇವನ ಕಣ್ಣು ಕಂದು. ಈಗ ಕಪ್ಪು. ಆಪರೇಷನ್ ಆಯ್ತಾ?’ ಉಜ್ಜಿದೆ. ‘ಇಷ್ಟು ಉಪದೇಶ ಕೇಳ್ಲಿಕ್ಕೆ ನನಗೆ ಮನೆಯಲ್ಲಿ ಅತ್ತೆ ಇದ್ದಾರೆ.’ ಇದರ ಕೆಳಗೆ ಬೇರೆ ಕೈಬರಹ: ‘ನಾನೇ ಆ ಅತ್ತೆ, ಓದಿದೆ. ಮನೆಗೆ ಬಾ.’ ಎರಡನ್ನೂ ಉಜ್ಜಿದೆ, ಆ ಮನೆಯ ಒಳಿತಿಗಾಗಿ. ಅರುವತ್ತನೆಯ ಪುಟದಲ್ಲಿ, ‘ಇಲ್ಲಿಂದ ತೊಂಬತ್ತರವರೆಗೆ ಬಿಟ್ಟರೂ ನಷ್ಟ ಇಲ್ಲ. ನಾನು ಬಿಟ್ಟೆ.’ ತೊಂಬತ್ತರಲ್ಲಿ, ‘ನಾನು ಬಿಡಲಿಲ್ಲ. ಬಿಡಬೇಕಿತ್ತು.’ ಅಥವಾ ಇದು ಬೇರೆ ಯಾವುದೋ ಪುಸ್ತಕದ್ದು, ಈಗ ನನ್ನ ತಲೆಯಲ್ಲಿ ಬಂದು ಇಲ್ಲಿ ಕೂತಿದೆ. ಚೆನ್ನಾಗಿ ಕೂತ ನೆನಪು ಬಂದಾಗಲೆಲ್ಲ ನನಗೆ ಅದನ್ನು ಯಾರೋ ಕೂರಿಸಿದ್ದಾರೆ ಎಂಬ ಅನುಮಾನ. ಆ ಯಾರೋ ಹೆಚ್ಚಾಗಿ ನಾನೇ.

ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ರಬ್ಬರಿನ ಪುಡಿ ರಾಶಿ ಬಿದ್ದಿತ್ತು. ಲೈಬ್ರರಿ ಅಕ್ಕ ಬಂದು, ಕಿಟಕಿಯ ಹೊರಗೆ ನೋಡುತ್ತ, ಒಂದು ಬಿಳಿ ಕಾಗದದ ಪಟ್ಟಿಯನ್ನೂ ಗೋಂದಿನ ಬಾಟಲಿಯನ್ನೂ ಇಟ್ಟರು.

“ಕೊನೆಯ ಪುಟದಲ್ಲಿ ಯಾರೋ ಪೆನ್ನಲ್ಲಿ ಬರೆದಿದ್ದಾರೆ. ಅದು ಹೋಗ್ಲಿಕ್ಕಿಲ್ಲ. ಮೇಲಿಂದ ಇದನ್ನು ಅಂಟಿಸಿಬಿಡಿ.”

“ಯಾರು?”

“ಯಾರೋ. ಎಲ್ಲರನ್ನೂ ನಾನು ಕಾಯ್ಲಿಕ್ಕೆ ಆಗ್ತದಾ?”

ಕೊನೆಯ ಪುಟ ತೆರೆದೆ. ಕಾಫಿಯ ಸಾಲಿನ ಪಕ್ಕದ ಅಂಚಿನಲ್ಲಿ ನೀಲಿ ಶಾಯಿಯ ನಾಲ್ಕು ಸಾಲು. ದುಂಡು ಅಕ್ಷರ. ತಲೆ ಎತ್ತಿ ಗೋಡೆಯ ಫಲಕ ನೋಡಿದೆ, ಮತ್ತೆ ಪುಟ ನೋಡಿದೆ. ಎರಡೂ ಒಂದೇ ಕೈ.

‘ಆವತ್ತು ನೀವು ಅವಳಿಂದ ಬಾಗಿಲು ಹಾಕಿಸಿದ್ದನ್ನು ನೋಡಿ ನಾನೂ ಹಾಕಿದೆ. ಈಗ ಅವಳಿಂದ ಕ್ಷಮೆ ಕೇಳಿಸುತ್ತೀರಿ. ಹಾಗಾದರೆ ನಾನು ಯಾರ ಹತ್ತಿರ ಕೇಳಬೇಕು?’

ಅವರು ಹೆದರುತ್ತಿದ್ದದ್ದು ಹಾಲಿನ ಹೆಂಗಸರ ಪೆನ್ಸಿಲಿಗೆ ಅಲ್ಲ ಎಂದು ಆಗ ತಿಳಿಯಿತು. ಮೂವತ್ತು ವರ್ಷ ಈ ಅಕ್ಷರದ ಕಾಗದ ಓದಿದ ಮುದುಕಿ ಒಂದು ನೋಟದಲ್ಲಿ ಗುರುತು ಹಿಡಿಯುತ್ತಾರೆ. ಆಮೇಲೆ ಕಾರ್ಡು ಬರುವುದಿಲ್ಲ. ಲೈಬ್ರರಿ ಅಕ್ಕನಿಗೆ ಕಳೆದುಕೊಳ್ಳಲು ಇದ್ದದ್ದು ಅದು.

ಪಟ್ಟಿ ಅಂಟಿಸಿದೆ. ಆದರೆ ಗೋಂದು ಹಚ್ಚಿದ್ದು ಒಂದೇ ಅಂಚಿಗೆ. ಗಾಳಿ ಬಂದರೆ ಏಳುವ ಹಾಗೆ. ಯಾಕೆ ಎಂದು ಕೇಳಿದರೆ ನನ್ನ ಹತ್ತಿರ ಮೂರು ಉತ್ತರಗಳಿವೆ. ಗೋಂದು ಒಣಗಿ ಬಾಟಲಿಯ ತಳದಲ್ಲಿ ಸ್ವಲ್ಪವೇ ಇತ್ತು. ಆ ನಾಲ್ಕು ಸಾಲು ಪುಸ್ತಕದ ಇನ್ನೂರ ಹದಿನಾಲ್ಕು ಪುಟಕ್ಕಿಂತ ಚೆನ್ನಾಗಿತ್ತು. ಮೂರನೆಯದು, ಏನಾಗುತ್ತದೆ ನೋಡುವ ಎಂಬ ಕಿಡಿಗೇಡಿತನ. ಮೊದಲನೆಯದನ್ನು ನಾನು ಆಗಲೇ ತಯಾರು ಮಾಡಿ ಇಟ್ಟುಕೊಂಡಿದ್ದೆ. ಹಾಗಾಗಿ ಅದು ಸುಳ್ಳಿರಬೇಕು.

“ಸರಿಯಾಗಿ ಅಂಟಿದೆಯಲ್ಲ?” ಎಂದು ಅವರು ಕೇಳಿದರು.

“ಭರ್ತಿ ಅಂಟಿದೆ,” ಎಂದೆ.

ಹೇಳಿದ ದಿನ ಕಾದಂಬರಿಗಾರ್ತಿ ಬಂದರು. ಸಣ್ಣ ಜೀವ, ದೊಡ್ಡ ಕನ್ನಡಕ. ಮೆಟ್ಟಿಲು ಹತ್ತಿ ಬಂದು ಲೈಬ್ರರಿ ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿ, “ನೀನಾ? ಕಾಗದದಲ್ಲಿ ಇನ್ನೂ ಎತ್ತರ ಇದ್ದೆ,” ಎಂದರು. ಹಾಲಿನ ಹೆಂಗಸರೆಲ್ಲ ಸೀರೆ ಬದಲಿಸಿ ಬಂದು ಸಾಲಾಗಿ ನಿಂತಿದ್ದರು. ಅಂಚಿನಲ್ಲಿ ಆ ಪರಿ ಕೂಗಾಡಿದವರು ಎದುರಿಗೆ ಮಾತ್ರ “ಭಾರಿ ಲಾಯ್ಕ ಉಂಟು ಅಮ್ಮ, ಎರಡನೇದು ಇನ್ನೂ ಲಾಯ್ಕ,” ಎಂದು ಒಬ್ಬರಾದ ಮೇಲೆ ಒಬ್ಬರು ಹೇಳಿ, ಚಾ ಮತ್ತು ಗೋಳಿಬಜೆಗೆ ಕೆಳಗೆ ಇಳಿದರು. ಮೇಲೆ ಉಳಿದದ್ದು ನಾವು ಮೂವರು.

ಅವರು ಮೊದಲ ಭಾಗಕ್ಕೆ ಸಹಿ ಹಾಕಿದರು. ಎರಡನೆಯದನ್ನು ಎತ್ತಿಕೊಂಡು, ಸಹಿಗೆ ಮೊದಲ ಪುಟ ತೆರೆಯುವ ಬದಲು ಹಾಳೆಗಳನ್ನು ಬೆಳಕಿಗೆ ಓರೆ ಮಾಡಿ ಹಿಡಿದರು.

“ಪಾಪ, ಎಷ್ಟು ಉಜ್ಜಿದ್ದೀರಿ! ಕಾಗದ ತೆಳ್ಳಗಾಗಿದೆ.”

ನಾನು ಚಾವಣಿ ನೋಡಿದೆ. ಅವರು ಪುಟ ಮಗುಚುತ್ತ ಕೊನೆಗೆ ಬಂದರು. ಪಟ್ಟಿಯನ್ನು ಉಗುರಿನಿಂದ ಎತ್ತಿದರು. ಓದಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಲೈಬ್ರರಿ ಅಕ್ಕ ನನ್ನ ಕಡೆ ನೋಡಿದ ನೋಟವನ್ನು ನಾನು ಇಲ್ಲಿ ಬರೆಯುವುದಿಲ್ಲ.

“ಈ ಅಕ್ಷರ ನನಗೆ ಗೊತ್ತುಂಟು,” ಎಂದರು ಮುದುಕಿ.

“ತಪ್ಪಾಯ್ತು ಅಕ್ಕ,” ಎಂದರು ಲೈಬ್ರರಿ ಅಕ್ಕ.

“ಇರಲಿ. ಪ್ರಕಾಶಕರು ಒಂದು ವರ್ಷ ಫೋನ್ ಮಾಡಿ ಜೀವ ತಿಂದ್ರು. ಮತ್ತೆ ನನಗೂ ಅನ್ನಿಸಿತು, ಈ ಪ್ರಾಯದಲ್ಲಿ ಒಬ್ಬಳೇ ಇರುದು ಕಷ್ಟ ಅಂತ.”

“ಯಾರಿಗೆ ಕಷ್ಟ?”

“ಅವಳಿಗೆ.”

“ನನ್ನ ವಿಳಾಸ ನಿಮ್ಮ ಹತ್ತಿರ ಇತ್ತಲ್ಲ ಅಕ್ಕ,” ಎಂದರು ಲೈಬ್ರರಿ ಅಕ್ಕ. ಕಣ್ಣಲ್ಲಿ ನೀರಿತ್ತು, ಗಂಟಲಲ್ಲಿ ಇರಲಿಲ್ಲ. “ಒಂದು ಕಾರ್ಡು ಹಾಕಿ ಕೇಳಿದ್ರೆ ಹೇಳ್ತಿದ್ದೆ, ಕಷ್ಟ ಉಂಟಾ ಇಲ್ವಾ ಅಂತ.”

“ಈಗ ಕೇಳ್ತೇನೆ. ಉಂಟಾ?”

“ಗ್ಯಾಸ್ ಸಿಲಿಂಡರ್ ಎತ್ತುವಾಗ ಉಂಟು. ಬೇರೆ ಹೊತ್ತಲ್ಲಿ ಇಲ್ಲ.”

ಮುದುಕಿ ಮತ್ತೆ ಆ ಕಾಫಿಯ ಪುಟವನ್ನು ನೋಡಿದರು. ಆಮೇಲೆ, “ಹಾಗಾದ್ರೆ ಇದು ಸುಳ್ಳು,” ಎಂದು ಕೊನೆಯ ಅಧ್ಯಾಯದ ಹಾಳೆಗಳನ್ನು ಒಟ್ಟಾಗಿ ಹಿಡಿದು ಎಳೆಯಲು ಹೊರಟರು. ಹೊಲಿಗೆ ಚರ್ ಎಂದಿತು.

“ಅಕ್ಕಾ! ಕೈ ತೆಗೀರಿ!” ಲೈಬ್ರರಿ ಅಕ್ಕ ಮೇಜಿನ ಮೇಲಿಂದಲೇ ಬಾಗಿ ಪುಸ್ತಕವನ್ನು ಕಿತ್ತುಕೊಂಡರು. ಆ ದನಿಯನ್ನು ನಾನು ಅವರಲ್ಲಿ ಕೇಳಿದ್ದು ಮಕ್ಕಳು ಪುಸ್ತಕದ ಚಿತ್ರ ಕತ್ತರಿಸುವಾಗ ಮಾತ್ರ. “ಇಲ್ಲಿ ಪುಸ್ತಕ ಹರಿಯುವ ಹಾಗಿಲ್ಲ!”

“ಬರೆದವಳು ನಾನಲ್ವಾ?”

“ಬರೆದದ್ದು ನೀವೇ ಇರಬಹುದು. ಪುಸ್ತಕ ಮಂಡಲದ್ದು.”

“ಈ ಅಧ್ಯಾಯ ಬೇಡ ಅಂತ ಬರೆದವಳು ನೀನೇ ಅಲ್ವಾ?”

“ಬೇಡವೇ ಬೇಡ. ಓದಿದವರು ಬೈಯ್ಲಿ. ಹರಿದ್ರೆ ಬೈಲಿಕ್ಕೆ ಎಂತ ಉಳೀತದೆ?”

ಮುದುಕಿ ನಕ್ಕರು. ನಕ್ಕು ನಕ್ಕು ಕೆಮ್ಮಿದರು, ನಾನು ನೀರು ಕೊಟ್ಟೆ. ಕುಡಿದು ಗ್ಲಾಸು ಇಟ್ಟು, ನಾಲ್ಕು ಸಾಲಿನ ಕೆಳಗೆ, ಅದೇ ಅಂಚಿನಲ್ಲಿ ತಮ್ಮ ಸಹಿ ಹಾಕಿದರು. ಒಪ್ಪಿದ್ದಕ್ಕೋ, ಓದಿದ್ದಕ್ಕೋ, ನನಗೆ ಗೊತ್ತಾಗಲಿಲ್ಲ.

“ಹರಿಲಿಕ್ಕೆ ಹೊರಟದ್ದಕ್ಕೆ ನನ್ನನ್ನು ಗದರಿಸಿದೆ. ಪುಸ್ತಕದ ಅಂಚಲ್ಲಿ ಬರೆದವರಿಗೆ ಎಂತ ಶಿಕ್ಷೆ ಇಲ್ಲಿ?”

ಲೈಬ್ರರಿ ಅಕ್ಕ ಕೆಂಪಾದರು. “ಒಂದು ತಿಂಗಳು ಪುಸ್ತಕ ಇಲ್ಲ.”

“ಸರಿ. ಕಾರ್ಡು ಹಾಕ್ತೇನೆ. ಅದಕ್ಕೆ ತಡೆ ಇಲ್ಲ ಅಲ್ವಾ?”

ಅವರು ಹೋದ ಮೇಲೆ ಲೈಬ್ರರಿ ಅಕ್ಕ ನನ್ನೊಡನೆ ಎರಡು ದಿನ ಮಾತಾಡಲಿಲ್ಲ, ಮೂರನೆಯ ದಿನ ಪೇಪರ್ ಕೊಟ್ಟರು. ಆ ಇಡೀ ತಿಂಗಳು ಅವರು ಆರು ಕಪಾಟುಗಳ ನಡುವೆ ಒಂದೂ ಪುಸ್ತಕ ತೆರೆಯದೆ ಕೂತರು. ಹೊಸ ಪುಸ್ತಕಗಳ ಕಟ್ಟು ಬಂತು. ಹಗ್ಗ ಬಿಚ್ಚಿದರು, ಸಂಖ್ಯೆ ಹಾಕಿದರು, ಒಂದೊಂದಾಗಿ ಜೋಡಿಸಿದರು. ಒಂದನ್ನು ಮಾತ್ರ ಮಗುಚಿ ಹಿಡಿದು ರಕ್ಷಾಪುಟದ ಹಿಂಬದಿಯನ್ನು ಓದುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ನಾನು ಪೇಪರ್ ತಗ್ಗಿಸಿದೆ.

“ಹೊರಗಿಂದು ಲೆಕ್ಕಕ್ಕೆ ಇಲ್ಲ,” ಎಂದರು.