ಆಯಿಯ ಜೊತೆ ಕಮೋಗಿ ಫೈನಲ್ಲಿಗೆ

ಕೆನಡಾಕ್ಕೆ ಬಂದ ಹೊಸತರಲ್ಲಿ ನಾವು ಪಿಕರಿಂಗಿನಲ್ಲಿ ಒಬ್ಬ ಐರಿಶ್ ಹೆಂಗಸಿನ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದೆವು. ಮುಂದೆ ಅದೇ ಬೀದಿಯಲ್ಲಿ ಮನೆ ಕೊಂಡ ಮೇಲೂ ಆ ನಂಟು ಬಿಡಲಿಲ್ಲ. ಮಾತು ಕಲಿಯುವಾಗ ನನ್ನ ಮಗಳು ಅವರನ್ನು ‘ಆಯಿ’ ಎಂದಳು. ಧಾರವಾಡದ ಕಡೆ ಅಜ್ಜಿಗೆ ಹಾಗೆನ್ನುತ್ತೇವೆ. ಅದೇ ಹೆಸರು ಉಳಿಯಿತು.

ಆಯಿ ಪ್ರಾಯದಲ್ಲಿ ತಮ್ಮ ಕೌಂಟಿಗೆ, ಅಂದರೆ ಜಿಲ್ಲೆಗೆ, ಕಮೋಗಿ ಆಡಿದವರು. ಚಪ್ಪಟೆ ತುದಿಯ ಮರದ ಕೋಲಿನಿಂದ ಸಣ್ಣ ಚರ್ಮದ ಚೆಂಡನ್ನು ಬಡಿಯುತ್ತ ಓಡುವ, ಹೆಂಗಸರ ಆಟ ಅದು. ಅವರ ತಂಗಿಯೂ ಅದೇ ತಂಡದಲ್ಲಿದ್ದಳಂತೆ. ಮದುವೆಗೆ ಮೊದಲೇ ಕಾಯಿಲೆ ಬಂದು ತೀರಿಕೊಂಡಳು ಎಂದಷ್ಟೇ ಹೇಳಿದ್ದರು. ಹೆಚ್ಚು ಕೇಳಿದರೆ ಟೀ ಮಾಡಲು ಎದ್ದುಬಿಡುತ್ತಿದ್ದರು.

ಇಲ್ಲಿನ ಐರಿಶ್ ಹುಡುಗಿಯರ ಚಾಂಪಿಯನ್‌ಶಿಪ್ ಫೈನಲ್ಲಿಗೆ ಅವರನ್ನು ಪ್ರತಿವರ್ಷ ನಾನೇ ಕರೆದೊಯ್ಯುತ್ತಿದ್ದೆ. ಮೈದಾನ ಬೋಲ್ಟನ್ ದಾಟಿದ ಮೇಲೆ. ಕಳೆದ ವರ್ಷ ಹೊರಟಾಗ ಅವರ ಮರೆವು ಬಹಳ ಹೆಚ್ಚಿತ್ತು. ನ್ಯೂಮಾರ್ಕೆಟ್ಟಿನ ವೃದ್ಧಾಶ್ರಮವೊಂದರಲ್ಲಿ ರೂಮು ಸಿಕ್ಕಿದೆ, ತಿಂಗಳ ಕೊನೆಗೆ ಕರೆದೊಯ್ಯುತ್ತೇನೆ ಎಂದು ಅವರ ಮಗ ಫೋನ್ ಮಾಡಿದ್ದ. ಇದೇ ಕೊನೆಯ ಮ್ಯಾಚು ಎಂದು ನನಗೂ ಮಗಳಿಗೂ ಗೊತ್ತಿತ್ತು. ಆಯಿ ಮಾತ್ರ ದಾರಿಯುದ್ದಕ್ಕೂ “ಎಲ್ಲಿಗೆ ಹೊರಟಿದ್ದೇವೆ?” ಎಂದು ಕೇಳುತ್ತಲೇ ಇದ್ದರು.

ಮೋಡ ಕವಿದು ಚಳಿಗಾಳಿ ಬೀಸುತ್ತಿತ್ತು. ಆಟ ಶುರುವಾದದ್ದೇ ಅವರ ಬೆನ್ನು ನೆಟ್ಟಗಾಯಿತು. “ಚೆಂಡು ಇಟ್ಟುಕೊಳ್ಳಬೇಡ, ಹೊಡಿ,” ಎಂದು ಕುರ್ಚಿಯಿಂದಲೇ ಗದರಿದರು. ನಮ್ಮ ಆಯಿ ಮರಳಿ ಬಂದರು ಎಂದುಕೊಂಡೆ.

ದ್ವಿತೀಯಾರ್ಧದಲ್ಲಿ ನಾವು ಹುರಿದುಂಬಿಸುತ್ತಿದ್ದ ತಂಡದ ಹುಡುಗಿಯೊಬ್ಬಳ ಮೇಲೆ ಎದುರಾಳಿ ರಭಸದಿಂದ ಬಂದು ಬಿದ್ದಳು. ಹುಡುಗಿ ಹೆಲ್ಮೆಟ್ ತೆಗೆದು ಮೊಣಕಾಲೂರಿ ಕೂತಳು. ಕೆಂಚು ಕೂದಲು, ತುಟಿಯಿಂದ ರಕ್ತ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಿದ್ದೆ.

“ಅಮ್ಮಾ, ಆಯಿ ಒಳಗ್ ಹೋಗ್ತಿದಾರೆ. ಲುಕ್,” ಎಂದಳು ಮಗಳು.

ಆಯಿ ಗೆರೆ ದಾಟಿ ನೇರ ಆ ಹುಡುಗಿಯತ್ತ ನಡೆದಿದ್ದರು. ರೆಫರಿ ತಡೆಯಲು ಬಂದವಳು ಅವರ ಮುಖ ನೋಡಿ ನಿಂತಳು. ನಾನು ಓಡಿ ತಲುಪುವಷ್ಟರಲ್ಲಿ ಆಯಿ ತಮ್ಮ ಕರವಸ್ತ್ರದಿಂದ ಅವಳ ತುಟಿ ಒತ್ತಿ ಹಿಡಿದಿದ್ದರು.

“ಅಮ್ಮನಿಗೆ ನಾನು ಹೇಳುವುದಿಲ್ಲ. ಏಳು, ಮನೆಗೆ ಹೋಗೋಣ. ನಿನಗೆ ಮೈ ಸರಿಯಿಲ್ಲ,” ಎಂದರು.

ಹುಡುಗಿ ನನ್ನತ್ತ ನೋಡಿದಳು. “ತೀರಿಹೋದ ತಂಗಿ ಅಂದುಕೊಂಡಿದ್ದಾರೆ,” ಎಂದು ಮೆಲ್ಲಗೆ ಹೇಳಿದೆ.

ಅವಳು ಆಯಿಯ ಕೈ ಹಿಡಿದುಕೊಂಡಳು. “ಇನ್ನೊಂದು ಸ್ವಲ್ಪ ಹೊತ್ತು ಆಡಿ ಬರುತ್ತೇನೆ, ಅಕ್ಕ.”

“ಬೇಡ. ಹೋದ ಸಲವೂ ನೀನು ಹಾಗೇ ಹೇಳಿದೆ.”

ಆಯಿ ಅವಳ ತೋಳನ್ನು ಬಿಡಲೊಲ್ಲರು. ಆಟ ನಿಂತಿತ್ತು, ಎರಡೂ ತಂಡದವರು ಸುಮ್ಮನೆ ಕಾಯುತ್ತಿದ್ದರು. ಕೊನೆಗೆ ನಾನೇ ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಅಷ್ಟು ಗಟ್ಟಿ ಹಿಡಿತ ಆ ಮುದಿಕೈಯಲ್ಲಿ ಎಲ್ಲಿತ್ತೋ. ಬಿಡಿಸುವಾಗ ಆಯಿ ನನ್ನನ್ನು ನೋಡಿದ ನೋಟದಲ್ಲಿ ಪರಿಚಯವೇ ಇರಲಿಲ್ಲ.

ಉಳಿದ ಆಟವನ್ನು ನಾವು ನೋಡಲಿಲ್ಲ. ಕಾರಿನಲ್ಲಿ ಹೀಟರ್ ಹಾಕಿ ಕೂತೆವು. ಒಂದೇ ಪಾಯಿಂಟಿನಿಂದ ಸೋತೆವು ಎಂದು ಆ ಹುಡುಗಿಯೇ ಬಂದು ಹೇಳಿದಳು. ತುಟಿ ಊದಿಕೊಂಡಿತ್ತು. ಕಿಟಕಿಯ ಬಳಿ ಬಗ್ಗಿ, “ಬಂದೆ ಅಕ್ಕ,” ಎಂದಳು.

ಆಯಿ ಅವಳನ್ನು ಮರ್ಯಾದೆಯಿಂದ ನೋಡಿದರು. “ಚೆನ್ನಾಗಿ ಆಡಿದೆ ಮಗೂ. ನೀನು ಯಾರ ಮನೆಯವಳು?”

ಹುಡುಗಿ ತಲೆಯಾಡಿಸಿ ಹೊರಟುಹೋದಳು. ಪಾರ್ಕಿಂಗಿನ ತುದಿಯಲ್ಲಿ ಮುಖ ಮುಚ್ಚಿಕೊಂಡು ನಿಂತದ್ದು ಕನ್ನಡಿಯಲ್ಲಿ ಕಂಡಿತು.

ಪಿಕರಿಂಗ್ ತಲುಪುವವರೆಗೂ ಆಯಿ ನಿದ್ದೆ ಮಾಡಿದರು. ಅವರ ಮನೆಯ ಹುಲ್ಲಿನ ಮೇಲೆ ಏಜೆಂಟನ ಬೋರ್ಡು ನೆಟ್ಟಿದ್ದರು. ನಾವು ಬೆಳಿಗ್ಗೆ ಹೊರಟಾಗ ಅದು ಇರಲಿಲ್ಲ.

“ಯಾರ ಮನೆ ಮಾರುತ್ತಿದ್ದಾರೆ?” ಎಂದು ಆಯಿ ಕೇಳಿದರು.

ಮಗಳು ಸೀಟ್‌ಬೆಲ್ಟ್ ಬಿಚ್ಚಿ, ಇಳಿದು, ಆಯಿಯ ಕಡೆಯ ಬಾಗಿಲು ತೆರೆದಳು. “ಗಾಳಿ ಇದೆ ಆಯಿ, ಒಳಗ್ ಹೋಗೋಣ,” ಎಂದಳು, ಕನ್ನಡದಲ್ಲೇ. ಅರ್ಥವಾದವರಂತೆ ಆಯಿ ಅವಳ ಭುಜ ಹಿಡಿದು ಇಳಿದರು.