ಕೊನೆಯ ತುಂಡಿನ ಅರ್ಧ

ಸ್ಟೂರೆ ಬ್ರೋಲಿನ್ ಸುಳ್ಳು ಹೇಳುವ ಮನುಷ್ಯನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಓದುತ್ತಾ ನಿಮಗೆ ಅನುಮಾನ ಬರುತ್ತದೆ. ಮೂವತ್ತೊಂದು ವರ್ಷದಿಂದ ಅವನು ನಮ್ಮೂರ ಪುರಸಭೆಯ ನೀರು ಇಲಾಖೆಯಲ್ಲಿದ್ದ. ಸೋರುವ ಕೊಳವೆ ಹುಡುಕುವುದೇ ಅವನ ಕೆಲಸ. ಕೆರೆಯಿಂದ ಹೊರಟ ನೀರೆಷ್ಟು, ಮನೆಗಳಿಗೆ ಮುಟ್ಟಿದ್ದೆಷ್ಟು, ನಡುವೆ ಯಾವ ಬೀದಿಯಡಿ ಎಷ್ಟು ಮಾಯವಾಯಿತು ಅನ್ನೋದನ್ನ ಕುರ್ಚಿ ಬಿಟ್ಟೇಳದೆ ಹೇಳುತ್ತಿದ್ದ. ಅಂಥವನಿಗೆ ತನ್ನ ಮೈಗೆ ನೂರ ಇಪ್ಪತ್ತೆರಡು ಕಿಲೋ ಎಲ್ಲಿಂದ ಬಂದು ಸೇರಿತು ಅಂತ ಮಾತ್ರ ತಿಳಿಯಲಿಲ್ಲ.

ಮನೆಯಲ್ಲಿ ತಿನ್ನುವುದಕ್ಕೆ ಏನಿತ್ತು, ಮಣ್ಣು! ಡೈವೋರ್ಸ್ ಆಗಿ ಹದಿನಾಲ್ಕು ವರ್ಷ. ಬೇಯಿಸಿದ ಆಲೂಗಡ್ಡೆ, ಉಪ್ಪಿನಲ್ಲಿಟ್ಟ ಮೀನು, ಒರಟು ರೊಟ್ಟಿ, ಟಿವಿ ಮುಂದೆ ಒಬ್ಬನೇ. ಆದರೂ ಬಲಗಾಲಿನ ಮಂಡಿ ಸವೆದು ಕಟಕಟ ಅನ್ನುತ್ತಿತ್ತು. ಊರುಗೋಲಿಲ್ಲದೆ ಬಸ್‌ಸ್ಟಾಪಿನವರೆಗೂ ಹೋಗಲಾಗದ ಸ್ಥಿತಿ.

"ಹೊಸ ಮಂಡಿ ಹಾಕ್ತೀವಿ," ಅಂದರು ಆಸ್ಪತ್ರೆಯ ಡಾಕ್ಟರು ಜನವರಿಯಲ್ಲಿ. "ಆದ್ರೆ ಮೊದಲು ಹನ್ನೆರಡು ಕಿಲೋ ಇಳಿಸಿ. ಮೇ ಕೊನೆಯೊಳಗೆ ಇಳೀಲಿಲ್ವಾ, ನಿಮ್ಮ ಸರದಿ ಮುಂದಿನವರಿಗೆ. ಆಮೇಲೆ ಇನ್ನೆರಡು ವರ್ಷ ಕಾಯ್ಬೇಕು."

ಎರಡು ವರ್ಷ ಕಾದರೆ ಕಾಲೇ ಹೋಯಿತು ಅಂತ ಸ್ಟೂರೆಗೆ ಗೊತ್ತಿತ್ತು. ಅವನಿಗೆ ಭಯವಾಯಿತು. ಆ ರಾತ್ರಿಯೇ ಶಪಥ ಮಾಡಿದ: ಕಚೇರಿಯಲ್ಲಿ ಇನ್ನು ಒಂದೇ ಒಂದು ಬನ್ನು ಮುಟ್ಟುವುದಿಲ್ಲ.

ಶಪಥ ಮಾಡುವುದು ಸುಲಭ ಮಾರಾಯರೆ, ಫೀಕಾ ಅನ್ನುವ ಕಾಫಿ ಬಿಡುವು ತಪ್ಪಿಸುವುದು ಕಷ್ಟ. ಬೆಳಿಗ್ಗೆ ಒಂಬತ್ತೂವರೆಗೆ ಒಂದು, ಮಧ್ಯಾಹ್ನ ಎರಡೂವರೆಗೆ ಇನ್ನೊಂದು. ಕಾಫಿ, ಜೊತೆಗೆ ಸಿಹಿ, ಎಲ್ಲರಿಗೂ ಒಂದೇ ಮೇಜು. ಈ ದೇಶದಲ್ಲಿ ಸಾಹೇಬರ ಮೀಟಿಂಗಿಗೆ ಚಕ್ಕರ್ ಹೊಡೆದರೆ ಯಾರೂ ಕೇಳುವುದಿಲ್ಲ. ಫೀಕಾಕ್ಕೆ ಬರದಿದ್ದರೆ ಮಾತ್ರ 'ಪಾಪ, ಮನೇಲೇನಾದ್ರೂ ತೊಂದರೆಯಾ?' ಅಂತ ಗುಸುಗುಸು ಶುರು.

ಸ್ಟೂರೆ ಮೇಜಿನ ಮುಂದೆಯೇ ಗಂಟಲು ಸರಿಮಾಡಿಕೊಂಡು ಬನ್ನು ಬಿಟ್ಟ ವಿಷಯ ತಿಳಿಸಿದ. ಮಂಡಿಯ ಮಾತೆತ್ತಲಿಲ್ಲ.

"ನಿನ್ನ ನಿರ್ಧಾರಾನ ನಾವೆಲ್ಲ ಪೂರ್ತಿ ಗೌರವಿಸ್ತೀವಿ," ಅಂದಳು ತೂವೆ. ಇಲಾಖೆಯ ಮುಖ್ಯಸ್ಥೆ, ಮೂವತ್ತೆಂಟರ ಹೆಂಗಸು, ಯಾವುದನ್ನೂ ಗೌರವಿಸದೆ ಬಿಟ್ಟವಳೇ ಅಲ್ಲ. ಸ್ಟೂರೆಗೆ ಹೇಗೆ ಬೆಂಬಲ ಕೊಡುವುದು ಅಂತ ಚರ್ಚಿಸಲು ಗುರುವಾರ ಸಭೆ ಕರೆದಳು. ಸಭೆಗೆ ಬಾದಾಮಿ ಕೇಕು ಬಂತು. ಒಂದೂವರೆ ಗಂಟೆ ಮಾತಾಡಿ, ಕೇಕು ಮುಗಿಸಿ, ಇನ್ನು ಮೇಲೆ ಆರೋಗ್ಯಕರವಾದದ್ದನ್ನೂ ಇಡೋಣ ಅಂತ ಒಮ್ಮತಕ್ಕೆ ಬಂದರು. ಮರುದಿನ ನಕ್ಷೆ ವಿಭಾಗದ ಕೆನ್ನೆತ್ ಖರ್ಜೂರದ ಉಂಡೆ ತಂದ. ಒಂದೊಂದೂ ನಿಂಬೆಹಣ್ಣಿನ ಗಾತ್ರ, ಅರ್ಧಕ್ಕರ್ಧ ಬೆಣ್ಣೆ.

"ಸಕ್ಕರೆ ಇಲ್ಲ ಕಣೋ, ಧೈರ್ಯವಾಗಿ ತಿನ್ನು!" ಅಂದ.

ಸ್ಟೂರೆ ಹಲ್ಲು ಕಚ್ಚಿ ಕುಳಿತ. ಮುಟ್ಟಲಿಲ್ಲ. ಗುಲ್‌ಬ್ರಿಟ್ ಮಾಡಿದ ಏಲಕ್ಕಿ ಬನ್ನನ್ನೂ ಮುಟ್ಟಲಿಲ್ಲ. ಗುಲ್‌ಬ್ರಿಟ್ ಅಂದರೆ ದಫ್ತರದ ಕಡತ ನೋಡಿಕೊಳ್ಳುವವಳು, ಅರವತ್ತೊಂದು ವರ್ಷ. ಕೆಲಸಕ್ಕೆ ಸೇರಿದಂದಿನಿಂದ ವಾರಕ್ಕೆರಡು ಸಲ ಮನೆಯಿಂದ ಬೇಯಿಸಿ ತರುತ್ತಿದ್ದಳು. ಅವಳ ಬನ್ನು ಒಲೆಯಿಂದಿಳಿದರೆ ಮೂರು ಬೀದಿಗೆ ಘಮ ಹೊಡೆಯುತ್ತಿತ್ತು. ಅದನ್ನು ಬೇಡ ಅನ್ನುವಾಗ ಸ್ಟೂರೆಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ಆದರೆ ತಟ್ಟೆಯಲ್ಲಿ ಕೊನೆಯದೊಂದು ಉಳಿಯುತ್ತದಲ್ಲ, ಅಲ್ಲಿ ಎಡವಟ್ಟಾಯಿತು. ನಮ್ಮ ಜನ ಕೊನೆಯ ತುಂಡನ್ನು ತೆಗೆದುಕೊಳ್ಳುವುದಿಲ್ಲ. ಪ್ರಾಣ ಹೋದರೂ ಇಲ್ಲ. ತೆಗೆದುಕೊಂಡವನು ಹೊಟ್ಟೆಬಾಕ, ಸಂಸ್ಕಾರವಿಲ್ಲದವನು.

"ತಗೊಳ್ಳೋ ಕೆನ್ನೆತ್, ಒಂದೇ ಉಳಿದಿದೆ."

"ಅಯ್ಯೋ ನನಗ್ಯಾಕೆ, ತೂವೆ ತಗೊಳ್ಲಿ."

"ನಾನಾ? ಹೊಟ್ಟೆ ಬಿರೀತಾ ಇದೆ. ಗುಲ್‌ಬ್ರಿಟ್, ನೀನೇ ಮಾಡಿದ್ದು, ನೀನೇ ತಗೋ."

"ಮಾಡಿದೋಳೇ ತಿಂದ್ರೆ ಚೆನ್ನಾಗಿರುತ್ತಾ?"

ಹೀಗೆ ಹತ್ತು ನಿಮಿಷ. ಕೊನೆಗೆ ಯಾರೋ ಒಬ್ಬರು ಚಾಕು ತಗೊಂಡು ಅದನ್ನು ಎರಡು ಮಾಡಿ ಅರ್ಧ ಎತ್ತಿಕೊಳ್ಳುತ್ತಾರೆ. ಉಳಿದ ಅರ್ಧವೂ ಈಗ ಕೊನೆಯ ತುಂಡೇ. ಅದನ್ನೂ ಅರ್ಧ ಮಾಡಬೇಕು. ಸಂಜೆಗೆ ಉಗುರಿನಷ್ಟು ಕೇಕು ತಟ್ಟೆಯಲ್ಲಿ ಒಣಗುತ್ತಾ ಕೂತಿರುತ್ತದೆ, ಅದರ ಪಕ್ಕದಲ್ಲಿ ಚಾಕು.

ಸ್ಟೂರೆ ಬಿಟ್ಟದ್ದು ಬನ್ನನ್ನು. ಅರ್ಧದ ಅರ್ಧಕ್ಕೆ ಬನ್ನು ಅಂತ ಯಾರಾದರೂ ಹೇಳುತ್ತಾರೆಯೇ? ಕೊನೆಯದಾಗಲಿ, ಮೊದಲನೆಯದಾಗಲಿ, ಚಾಕು ತಾಗಿದ್ದು ಅವನ ಲೆಕ್ಕಕ್ಕೆ ಬನ್ನಲ್ಲ. ಪ್ರಿಂಟರಿನ ಹತ್ತಿರ ಹೋಗುವಾಗ ತಟ್ಟೆ ಕಾಣುತ್ತಿತ್ತು, ಒಂದು ಅರ್ಧ. ನೀರು ಕುಡಿಯಲು ಹೋದಾಗ ಇನ್ನೊಂದು. ಇಲಾಖೆಯಲ್ಲಿ ಅಷ್ಟು ಸಲ ನೀರು ಕುಡಿದವರು ಯಾರೂ ಇರಲಿಲ್ಲ. ಅದೇನು ದಾಹವೋ! ಪ್ರತಿ ಸಲವೂ ಸಂಸ್ಕಾರವಂತನಾಗಿ ಅರ್ಧ ಮಾತ್ರ ತೆಗೆದುಕೊಂಡ, ಅರ್ಧ ಇನ್ನೊಬ್ಬರಿಗೆ ಬಿಟ್ಟ.

ಮಾರ್ಚಿನಲ್ಲಿ ನರ್ಸ್ ಆನ್ನೆಲಿ ತೂಕ ನೋಡಿದಳು.

"ಮುನ್ನೂರು ಗ್ರಾಂ," ಅಂದಳು.

"ಇಷ್ಟೇನಾ ಇಳಿದಿದ್ದು?"

"ಏರಿದೆ."

ಸ್ಟೂರೆ ಕಂಗಾಲಾದ. "ಆಣೆಗೂ ಹೇಳ್ತೀನಿ, ಜನವರಿಯಿಂದ ಕಚೇರೀಲಿ ಒಂದು ಬನ್ನೂ ತಿಂದಿಲ್ಲ."

"ಹಾಗಾದ್ರೆ ಗಾಳಿ ಕುಡ್ಕೊಂಡು ದಪ್ಪ ಆಗ್ತಿದ್ದೀರಾ? ಎರಡೂವರೆ ತಿಂಗಳಿದೆ, ನೋಡ್ಕೊಳ್ಳಿ."

ಅವನಿಗೆ ರೋಷ ಬಂತು. ಮೂವತ್ತೊಂದು ವರ್ಷ ಊರಿನ ಸೋರಿಕೆ ಹಿಡಿದವನು ನಾನು, ನನ್ನದೇ ಸೋರಿಕೆ ಹಿಡಿಯಲಾರೆನೇ! ಸೋಮವಾರದಿಂದ ಕೊಯ್ದ ತುಂಡನ್ನು ಬಾಯಿಗೆ ಹಾಕದೆ ಮೇಜಿನ ಖಾನೆಯಲ್ಲಿದ್ದ ಡಬ್ಬಿಗೆ ಹಾಕತೊಡಗಿದ. ಶುಕ್ರವಾರ ಮಧ್ಯಾಹ್ನ ಬಾಗಿಲು ಮುಂದೆ ಮಾಡಿ, ಕೊಳವೆ ನಕ್ಷೆಯ ಹಾಳೆ ಹಾಸಿ, ತುಂಡುಗಳನ್ನು ಸುರಿದು, ಅಂಚಿಗೆ ಅಂಚು ಹೊಂದಿಸಿ ಜೋಡಿಸಿದ. ಒಂಬತ್ತು ಇಡೀ ಬನ್ನು. ಜೊತೆಗೆ ಅಂಗೈಯಗಲದ ಕೇಕು. ಮೂರು ಖರ್ಜೂರದ ಉಂಡೆ.

"ದೇವರೇ," ಅಂದ. ದೇವರನ್ನು ನಂಬದವನು.

ಅಷ್ಟರಲ್ಲಿ ಬಾಗಿಲು ತೆರೆಯಿತು. ಗುಲ್‌ಬ್ರಿಟ್ ಕಡತ ಹಿಡಿದು ನಿಂತಿದ್ದಳು. ಒಣಗಿದ ಬನ್ನುಗಳನ್ನು ನೋಡಿದಳು, ಡಬ್ಬಿಯನ್ನು ನೋಡಿದಳು. ಮುಖ ಬಾಡಿತು.

"ಅಷ್ಟು ಕೆಟ್ಟದಾಗಿದ್ಯಾ ನನ್ನ ಕೈಅಡುಗೆ? ಬೇಡ ಅಂದ್ಮೇಲೆ ಮುಟ್ಟಬಾರದಿತ್ತು. ಕದ್ದು ಬಚ್ಚಿಡ್ತಾರಾ?"

"ಅಯ್ಯೋ ಹಾಗಲ್ಲ ಕಣೆ!" ಸ್ಟೂರೆ ಎದ್ದ ರಭಸಕ್ಕೆ ಮಂಡಿ ಕಟಕ್ ಅಂದು ಮತ್ತೆ ಕುಸಿದ. ಡಾಕ್ಟರು ಹೇಳಿದ್ದು, ಶಪಥ, ಅರ್ಧದ ಲೆಕ್ಕ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ.

ಗುಲ್‌ಬ್ರಿಟ್ ಎದುರು ಕುರ್ಚಿಯಲ್ಲಿ ಧೊಪ್ಪನೆ ಕುಳಿತಳು. "ನನಗೆ ಸಕ್ಕರೆ ಕಾಯಿಲೆ ಬಂದು ನಾಲ್ಕು ವರ್ಷ ಆಯ್ತು. ಒಂದು ಚೂರೂ ಬಾಯಿಗೆ ಹಾಕಲ್ಲ ನಾನು."

"ದಿನಾ ಅರ್ಧ ಎತ್ಕೊಳ್ತೀಯಲ್ಲೇ?"

"ಎತ್ಕೊಳ್ಳದೆ ಇದ್ರೆ ಚೆನ್ನಾಗಿರುತ್ತಾ? ಎತ್ಕೊಂಡು ಹೋಗಿ ಕಸಕ್ಕೆ ಹಾಕ್ತೀನಿ."

"ಕೆನ್ನೆತ್?"

"ಕಾಗದದಲ್ಲಿ ಸುತ್ತಿ ಜೇಬಿಗೆ. ಅವನ ನಾಯಿ ನೋಡಿದ್ದೀಯಾ, ಪೀಪಾಯಿ ಆಗಿದೆ. ತೂವೆ ಸಕ್ಕರೆ ಬಿಟ್ಟು ಎರಡು ವರ್ಷ. ಅವಳದು ಹೂಕುಂಡದ ಹಿಂದೆ ಸಿಗುತ್ತೆ."

"ಹಾಗಾದ್ರೆ ಇಷ್ಟು ವರ್ಷ ಈ ಇಲಾಖೆಯಲ್ಲಿ ತಿಂತಾ ಇದ್ದೋನು..."

"ನೀನೊಬ್ನೇ."

ಸ್ಟೂರೆ ಹಣೆ ಹಣೆ ಚಚ್ಚಿಕೊಂಡ. "ಮತ್ತೆ ಯಾರಿಗೋಸ್ಕರ ಬೇಯಿಸ್ತೀಯೇ ಮಾರಾಯ್ತಿ?"

"ನಿನಗೇ. ಮನೇಲಿ ನಿನಗ್ಯಾರಿದ್ದಾರೆ ಮಾಡಿಹಾಕೋಕೆ? ನೀನು ಬಿಟ್ಟೆ ಅಂದ್ಮೇಲೂ, ನಾನು ನಿಲ್ಲಿಸಿಬಿಟ್ರೆ ನೊಂದ್ಕೊಳ್ತೀಯ ಅಂತ ಎಲ್ರೂ ಅಂದ್ರು."

ಸ್ಟೂರೆಗೆ ನಗು ಬಂತು, ಕೋಪ ಬಂತು, ಎರಡಕ್ಕಿಂತ ಹೆಚ್ಚಾಗಿ ನಾಚಿಕೆ ಬಂತು. ಕೊನೆಗೆ ನಮ್ಮ ಕಡೆ ಯಾರೂ ಯಾರಿಗೂ ಮುಖ ನೋಡಿ ಹೇಳದ ಮಾತನ್ನು ಹೇಳಿದ. "ನಿಲ್ಲಿಸಿಬಿಡು ಗುಲ್‌ಬ್ರಿಟ್. ಕಣ್ಣೆದುರು ಇದ್ರೆ ತಿಂದುಬಿಡ್ತೀನಿ, ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ನನಗೆ ನಡೀಬೇಕು ಕಣೆ. ಅಷ್ಟೇ ಬೇಕಾಗಿರೋದು."

ಅವಳು ತಲೆಯಾಡಿಸಿದಳು. ಒಂದೇ ಮಾತಿಗೆ ನಿಲ್ಲಿಸಿದಳು.

ಸೋಮವಾರ ಮೇಜಿನ ಮೇಲೆ ಬರೀ ಕಾಫಿ. ಎಲ್ಲರೂ ಕುಳಿತರು. ಹವೆಯ ಬಗ್ಗೆ ಮಾತಾಡಿದರು. ಒಂದೂವರೆ ನಿಮಿಷಕ್ಕೆ ಮುಗಿಯಿತು. ಆಮೇಲೆ ಯಾರಿಗೂ ಏನೂ ತೋಚಲಿಲ್ಲ. 'ನೀನು ತಗೋ, ನನಗೆ ಬೇಡ, ನೀನೇ ತಗೋ' ಅನ್ನುವುದನ್ನು ಬಿಟ್ಟು ಈ ಜನ ಇಷ್ಟು ವರ್ಷ ಬೇರೆ ಏನನ್ನೂ ಮಾತಾಡಿರಲೇ ಇಲ್ಲ. ಕೆನ್ನೆತ್ ಗೋಡೆ ನೋಡಿದ, ತೂವೆ ಕೈಗಡಿಯಾರ ನೋಡಿದಳು. ಮಂಗಳವಾರ ಕೆನ್ನೆತ್‌ಗೆ ಅರ್ಜೆಂಟ್ ಕೆಲಸ ಬಂತು, ಲೋಟ ಎತ್ತಿಕೊಂಡು ತನ್ನ ಕೋಣೆಗೆ ಹೋದ. ಮೂರನೇ ವಾರದ ಹೊತ್ತಿಗೆ ಪ್ರತಿಯೊಬ್ಬರಿಗೂ ಅರ್ಜೆಂಟ್ ಕೆಲಸ. ನೀರು ಇಲಾಖೆಯ ಚರಿತ್ರೆಯಲ್ಲಿ ಅಷ್ಟೊಂದು ಅರ್ಜೆಂಟ್ ಯಾವತ್ತೂ ಬಂದಿರಲಿಲ್ಲ.

ಸ್ಟೂರೆಯ ತೂಕ ಮಾತ್ರ ಸರಸರ ಇಳಿಯಿತು. ಮೇ ಇಪ್ಪತ್ತೊಂಬತ್ತಕ್ಕೆ ಹದಿಮೂರು ಕಿಲೋ ಕಡಿಮೆ. ಆನ್ನೆಲಿ ಬೆನ್ನು ತಟ್ಟಿದಳು. ಜೂನಿನಲ್ಲಿ ಹೊಸ ಮಂಡಿ ಬಂತು. ಬೇಸಿಗೆಯೆಲ್ಲ ಹಲ್ಲು ಕಚ್ಚಿ ವ್ಯಾಯಾಮ ಮಾಡಿದ. ಮಾಡುವಾಗೆಲ್ಲ ಒಂದೇ ಯೋಚನೆ: ಕಚೇರಿಗೆ ನಡೆದುಕೊಂಡು ಹೋದಾಗ ಅವರೆಲ್ಲ ಏನಂದಾರು? ಕೆನ್ನೆತ್ ಖಂಡಿತ ಗೇಲಿ ಮಾಡುತ್ತಾನೆ. ಗುಲ್‌ಬ್ರಿಟ್ ಅಳಬಹುದು.

ಸೆಪ್ಟೆಂಬರಿನಲ್ಲಿ ಕೆಲಸಕ್ಕೆ ಮರಳಿದ ದಿನ ಬೇಕೆಂದೇ ಒಂಬತ್ತೂವರೆಗೆ ಸರಿಯಾಗಿ ಬಂದ. ಲಿಫ್ಟು ಬಿಟ್ಟು, ಊರುಗೋಲು ಬಿಟ್ಟು, ಮೂರು ಮಹಡಿ ಮೆಟ್ಟಿಲು ಹತ್ತಿದ. ಏದುಸಿರು ಬಿಡುತ್ತಾ, ಖುಷಿಯಿಂದ ಬೆವರುತ್ತಾ ಕಾಫಿ ಕೋಣೆಯ ಬಾಗಿಲು ತೆಗೆದ.

ಯಾರೂ ಇರಲಿಲ್ಲ. ಉದ್ದನೆಯ ಮೇಜನ್ನೇ ಎತ್ತಿಬಿಟ್ಟಿದ್ದರು. ಅದಿದ್ದ ಜಾಗದಲ್ಲಿ ಗುಂಡಿ ಒತ್ತಿದರೆ ಒಬ್ಬರಿಗೆ ಒಂದು ಲೋಟ ಕಾಫಿ ಕೊಡುವ ಹೊಸ ಯಂತ್ರ ಗುಂಯ್‌ಗುಡುತ್ತಿತ್ತು.

ಸ್ಟೂರೆ ಗುಲ್‌ಬ್ರಿಟ್‌ಳ ಕೋಣೆಗೆ ನಡೆದ. ಅವಳು ಕನ್ನಡಕದ ಮೇಲಿಂದ ನೋಡಿದಳು.

"ಓಹೋ, ಬಂದ್ಯಾ! ಕಾಲು ಹೇಗಿದೆ?"

"ಚೆನ್ನಾಗಿದೆ. ಬಾ, ಐದು ನಿಮಿಷ ಕೂತ್ಕೊಳ್ಳೋಣ."

"ಏನಾದ್ರೂ ತಂದಿದ್ದೀಯಾ?"

"ಇಲ್ಲ. ಸುಮ್ನೆ."

"ಸುಮ್ನೇನಾ?" ಅವಳ ಮುಖದಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಅವಳಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. "ಸುಮ್ನೆ ಕೂತ್ಕೊಂಡು ಏನ್ ಮಾಡೋದೋ ಸ್ಟೂರೆ?"

ಅವನಿಗೂ ಗೊತ್ತಿರಲಿಲ್ಲ. ಊರುಗೋಲಿಲ್ಲದೆ, ಕುಂಟದೆ, ನೆಟ್ಟಗೆ ನಡೆದು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ.